ಅಕ್ಕ ಹೂವು, ತಂಗಿ ಹೂವು

ಮಹಡಿಯ ಮನೆಯಿಂದ ಕೆಳಗಿನ ಕೆಲಸದ ಕೋಣೆಗೆ ಹದಿನಾಲ್ಕು ಮೆಟ್ಟಿಲು. ಇಪ್ಪತ್ತಾರು ವರ್ಷಗಳಿಂದ ಗೋಂದಕ್ಕ ಅವನ್ನು ಬೆಳಿಗ್ಗೆ ಇಳಿದು ಸಂಜೆ ಹತ್ತುತ್ತಿದ್ದಳು. ಬೇರೆಯವರಾದರೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಒಂದು ಬೀದಿನಾಯಿಯನ್ನೋ, ಯಾರದೋ ಜಗಳವನ್ನೋ, ಹೊಸದಾಗಿ ತೆರೆದ ಅಂಗಡಿಯನ್ನೋ ನೋಡುತ್ತಾರೆ. ಇವಳ ದಾರಿಯಲ್ಲಿದ್ದದ್ದು ಒಂದೇ ಕಿಟಕಿ, ಅದಕ್ಕೂ ಮಸುಕು ಗಾಜು. ಒಣಗಿಸಿಟ್ಟ ಗಿಡಗಳಿಗೆ ಬಿಸಿಲು ತಾಗಬಾರದೆಂದು ಹಾಕಿಸಿದ ಗಾಜು ಅದು. ಇನ್ನೂ ಒಣಗದೆ ಉಳಿದವರ ಬಗ್ಗೆ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ.

ಆ ಕಟ್ಟಡ ಒಣಗಿಡಗಳ ಸಂಗ್ರಹಾಲಯ. ಸಾಲುಸಾಲು ಕಬ್ಬಿಣದ ಕಪಾಟು, ಕಪಾಟಿನ ತುಂಬ ದಪ್ಪ ಹಾಳೆಗಳು, ಒಂದೊಂದು ಹಾಳೆಗೆ ಒಂದೊಂದು ಗಿಡ ಬೇರುಸಮೇತ ಅಂಟಿಕೊಂಡು ಮಲಗಿತ್ತು. ಕೆಳಗೆ ಬಲಮೂಲೆಯಲ್ಲಿ ಒಂದು ಚೀಟಿ: ಗಿಡದ ಹೆಸರು, ಕಿತ್ತವರು ಯಾರು, ಎಲ್ಲಿ, ಯಾವತ್ತು. ಅಂಟಿಸುವ ಕೆಲಸ ಇವಳದು, ಗೋಂದನ್ನು ಕಾಯಿಸಿ ಕಲಸುವವಳೂ ಇವಳೇ, ಹಾಗಾಗಿ ಆ ಅಡ್ಡಹೆಸರು. ಆದರೆ ಅಂಟಿಸುವುದು ಹೆಸರಿಗಷ್ಟೇ. ಎಲ್ಲಿಂದಲೋ ಬಂದ ಹೆಸರಿಲ್ಲದ ಗಿಡದ ಕಟ್ಟು ಬಿಚ್ಚಿ, ಕಣ್ಣಿಗೆ ಮಸೂರ ಹಿಡಿದು, "ಇದು ಇಂಥದ್ದು" ಎಂದು ಹೇಳುವವಳೂ ಅವಳೇ ಆಗಿದ್ದಳು. ಅವಳು ಹೇಳಿದ್ದನ್ನು ಅವಳ ಗಂಡ ಚೀಟಿಯಲ್ಲಿ ಬರೆದು ಕೆಳಗೆ ತಮ್ಮ ಸಹಿ ಹಾಕುತ್ತಿದ್ದರು. ಅವರು ಆ ಸಂಗ್ರಹಾಲಯದ ಮುಖ್ಯಸ್ಥರು. ಎಲ್ಲರೂ ಅವರನ್ನು ದೊಡ್ಡವರು ಎನ್ನುತ್ತಿದ್ದರು, ಗೋಂದಕ್ಕ ಕೂಡ.

"ಸಹಿ ಮಾಡೋಕೆ ಮನೆಗೊಬ್ಬರು ಸಾಕಲ್ಲ," ಎಂದು ದೊಡ್ಡವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ನಗದೆ ಇದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಮುಖ ಊದಿಸಿಕೊಂಡವರ ಎದುರು ಕೂರಬೇಕಾಗುತ್ತದೆ, ಅದಕ್ಕಿಂತ ನಗುವುದು ಸುಲಭ.

ಚೀಟಿಗಳ ವಿಷಯದಲ್ಲಿ ಅಲ್ಲಿ ಒಂದು ಕಟ್ಟುನಿಟ್ಟು ಇತ್ತು. ಒಮ್ಮೆ ಅಂಟಿಸಿದ ಚೀಟಿಯನ್ನು ಯಾರೂ ಕೀಳುವಂತಿಲ್ಲ, ಗೀಚುವಂತಿಲ್ಲ. ಹೆಸರು ತಪ್ಪೆಂದು ಆಮೇಲೆ ಯಾರಿಗಾದರೂ ಅನ್ನಿಸಿದರೆ, ಸರಿಯೆನಿಸಿದ ಹೆಸರನ್ನು ಬೇರೊಂದು ಸಣ್ಣ ಚೀಟಿಯಲ್ಲಿ ಬರೆದು, ಸಹಿ ಮಾಡಿ, ದಿನಾಂಕ ಹಾಕಿ, ಹಳೆಯದರ ಮೇಲ್ಗಡೆ ಅಂಟಿಸಬೇಕು. ಹಳೆಯ ತಪ್ಪೂ ಇರಬೇಕು, ಹೊಸ ಮಾತೂ ಇರಬೇಕು. ಕೆಲವು ಹಾಳೆಗಳ ಮೇಲೆ ಐದಾರು ಚೀಟಿಗಳು ಒಂದರ ಮೇಲೊಂದು ಕೂತು, ಸತ್ತವರೆಲ್ಲ ಇನ್ನೂ ವಾದ ಮಾಡುತ್ತಲೇ ಇದ್ದರು. ಅಷ್ಟು ಹಾಳೆಗಳಲ್ಲಿ ಒಂದರ ಮೇಲೂ ಗೋಂದಕ್ಕನ ಸಹಿ ಇರಲಿಲ್ಲ.

ಸಹಿ ಇಲ್ಲದಿದ್ದರೂ ಹೆಸರಿತ್ತು. ಅದೂ ಎಂಥ ಹೆಸರು. ಒಂದು ಹೂವಿನ ಹೆಸರೇ ಅವಳದು.

ಆ ಸೀಮೆಯಲ್ಲಿ ಒಂದು ಜಾತಿಯ ಕಾಡು ಆಸ್ಟರ್ ಎಲ್ಲೆಂದರಲ್ಲಿ ಬೆಳೆಯುತ್ತದೆ: ಚರಂಡಿಯ ಅಂಚಿನಲ್ಲಿ, ಮುರಿದ ಗೋಡೆಯ ಸಂದಿಯಲ್ಲಿ, ಬಸ್ಸು ನಿಲ್ಲುವ ಜಾಗದ ಹಿಂದೆ. ನಡುವೆ ಹಳದಿ ಬೊಟ್ಟು, ಸುತ್ತ ತೆಳು ನೇರಳೆ ಎಸಳು. ಹೂವಿನ ಕೆಳಗೆ ಕಾಂಡದ ಮೇಲೆ ಸಣ್ಣ ರೋಮಗಳು, ಒಂದೊಂದು ರೋಮದ ತುದಿಗೆ ಕಣ್ಣಿಗೆ ಕಾಣದಷ್ಟು ಚಿಕ್ಕ ಅಂಟಿನ ಗುಂಡು. ಕಿತ್ತವರ ಬೆರಳು ಅರ್ಧ ದಿನ ಜಿಗುಟಾಗಿರುತ್ತದೆ. ಇಪ್ಪತ್ತಾರು ವರ್ಷದ ಹಿಂದೆ ದೊಡ್ಡವರು ಸಂಗ್ರಹಾಲಯದ ಹಿಂದಿನ ಗುಡ್ಡದಲ್ಲಿ ಕೂಲಿಯಾಳುಗಳಿಂದ ಕೀಳಿಸಿ ತಂದ ಗಿಡಗಳಲ್ಲಿ ಥೇಟ್ ಇಂಥದೇ ಒಂದು ಆಸ್ಟರ್ ಇತ್ತು, ಆದರೆ ಅದರ ರೋಮಗಳಿಗೆ ಅಂಟಿನ ಗುಂಡಿರಲಿಲ್ಲ, ಒಣಗಿದ ಎಸಳು ನೇರಳೆಯಾಗಿ ಉಳಿಯದೆ ಬೂದಿ ಬಣ್ಣಕ್ಕೆ ತಿರುಗಿತ್ತು. ಇದು ಹೊಸ ಜಾತಿ ಎಂದು ದೊಡ್ಡವರು ಸಾರಿದರು. ಆಗ ಗೋಂದಕ್ಕ ಅಲ್ಲಿಗೆ ಕೆಲಸಕ್ಕೆ ಸೇರಿ ಮೂರು ತಿಂಗಳಾಗಿತ್ತು. ಆ ಹೂವಿಗೆ ಅವಳ ಹೆಸರಿಟ್ಟರು. ಹೂವಿಗೆ ಹೆಸರು ಕೊಟ್ಟ ಮೇಲೆ ಕೈ ಕೇಳುವುದು ದೊಡ್ಡ ಮಾತೇ? ಆ ವರ್ಷವೇ ಮದುವೆಯಾಯಿತು. ಅಲ್ಲಿನವರ ಬಾಯಲ್ಲಿ ಊರೆಲ್ಲ ಬೆಳೆಯುವುದು ಅಕ್ಕ ಹೂವಾಯಿತು, ಗುಡ್ಡದ ಮೇಲಿನದು ತಂಗಿ ಹೂವಾಯಿತು. ಗುಡ್ಡ ಸಂಗ್ರಹಾಲಯಕ್ಕೆ ಸೇರಿದ್ದು, ಸುತ್ತ ಗೋಡೆ, ಒಂದು ಗೇಟು, ಗೇಟಿನ ಕೀಲಿ ದೊಡ್ಡವರ ಜೇಬಿನಲ್ಲಿ. ತಂಗಿ ಹೂವನ್ನು ನೋಡಬೇಕೆಂದು ಹೊರಗಿನವರು ಬಂದರೆ ಹಾಳೆ ತೋರಿಸಿ, ಚಹಾ ಕೊಟ್ಟು, ಬೀಳ್ಕೊಡುತ್ತಿದ್ದರು.

ಗೋಂದಕ್ಕ ಗುಡ್ಡ ಹತ್ತುತ್ತಿರಲಿಲ್ಲ. ಮದುವೆಯಾದ ಮಾರನೇ ವರ್ಷ ಗಂಡನ ಜೊತೆ ಒಮ್ಮೆ ಹೋಗಿದ್ದಳು. ಅರ್ಧ ದಾರಿಯಲ್ಲಿ ಉಬ್ಬಸ ಬಂತು. ದೊಡ್ಡವರು ಅವಳನ್ನು ಒಂದು ಬಂಡೆಯ ಮೇಲೆ ಕೂರಿಸಿ, ತಾವೊಬ್ಬರೇ ಮೇಲೆ ಹೋಗಿ ಹೂವು ಕಿತ್ತುಕೊಂಡು ಬಂದರು. ಇಳಿಯುವಾಗ ದಾರಿಯುದ್ದಕ್ಕೂ ತುಟಿ ಬಿಚ್ಚಲಿಲ್ಲ. ತನ್ನ ಉಸಿರಿನ ಚಿಂತೆ ಇವರನ್ನು ಇಷ್ಟು ಹಣ್ಣು ಮಾಡಿತೇ ಎಂದು ಅವಳ ಕಣ್ಣು ತುಂಬಿ ಬಂದಿತ್ತು. "ನಿನಗೆ ಹೂವಿನ ಧೂಳು ಆಗಲ್ಲ, ಇನ್ಮೇಲೆ ಗುಡ್ಡದ ಮಾತು ಬೇಡ," ಎಂದು ಮನೆಗೆ ಬಂದ ಮೇಲೆ ಹೇಳಿದರು. ಅಷ್ಟೇ ಅಲ್ಲ, ತಂಗಿ ಹೂವಿನ ಕೆಲಸ ಪೂರ್ತಿ ತಮ್ಮ ತಲೆಗೇ ಕಟ್ಟಿಕೊಂಡರು. ವರ್ಷಕ್ಕೊಂದು ಕೊಂಬೆ ತಾವೇ ತಂದು, ತಾವೇ ಸ್ಪಿರಿಟ್ಟಿನಲ್ಲಿ ಅದ್ದಿ, ತಾವೇ ಒಣಗಿಸಿ, ಅಂಟಿಸಲಿಕ್ಕೆ ಮಾತ್ರ ಅವಳ ಕೈಗೆ ಕೊಡುತ್ತಿದ್ದರು. "ಇದು ನಿನ್ನ ಹೂವು, ಇದಕ್ಕೆ ನೀನು ದುಡೀಬಾರದು," ಎನ್ನುತ್ತಿದ್ದರು. ಹೆಂಡತಿಯನ್ನು ಹೀಗೆ ತಲೆ ಮೇಲೆ ಹೊತ್ತು ನಡೆಯುವವರು ಎಲ್ಲಿದ್ದಾರೆ ಎಂದು ನೆಂಟರೆಲ್ಲ ಹೊಗಳುತ್ತಿದ್ದರು. ಹೂವಿನ ಧೂಳು ಆಗದವಳು ಉಳಿದೆಲ್ಲ ಗಿಡಗಳನ್ನು ದಿನಾ ಆ ಸ್ಪಿರಿಟ್ಟಿನ ತೊಟ್ಟಿಯ ಮೇಲೆ ಬಾಗಿ, ಕಣ್ಣಲ್ಲಿ ನೀರು ಸುರಿಸುತ್ತ ಅದ್ದುತ್ತಿದ್ದಳಲ್ಲ, ಅದು ಯಾವ ನೆಂಟರಿಗೂ ಕಾಣಲಿಲ್ಲ.

ಈ ವರ್ಷ ದೊಡ್ಡವರು ಕಪಾಟಿನ ಏಣಿಯಿಂದ ಜಾರಿ ಮೊಣಕಾಲು ತಿರುಚಿಕೊಂಡರು. ಮಹಡಿಯ ಮೇಲೆ ಕಾಲಡಿಗೆ ದಿಂಬಿಟ್ಟುಕೊಂಡು ಮಲಗಿದರು. ನೋಡಿಕೊಳ್ಳಲು ಅವರ ತಂಗಿ ಬಂದಳು. ಗೋಂದಕ್ಕನ ಆ ನಾದಿನಿಗೆ ಬಾಯಿ ಸ್ವಲ್ಪ ಉದ್ದ, ಮನಸ್ಸು ಕೆಟ್ಟದ್ದಲ್ಲ. ಹೀಗಾಗಿ ಟಪಾಲು ಮೊದಲ ಸಲ ದೊಡ್ಡವರ ಕೈ ತಪ್ಪಿ ಗೋಂದಕ್ಕನ ಮೇಜಿಗೆ ಬಂತು. ಅದರಲ್ಲಿ ಒಂದು ಲಕೋಟೆಯ ಮೇಲೆ ಅವಳ ಹೆಸರೇ ಇತ್ತು. ತನ್ನ ಹೆಸರೆಂದು ನಂಬಿಕೆ ಬಾರದೆ ಎರಡು ಸಲ ಓದಿದಳು.

ದೂರದ ಒಂದು ಸಸ್ಯೋದ್ಯಾನದಿಂದ ಬಂದ ಪತ್ರ ಅದು. ಅವರು ಅಕ್ಕ ಹೂವನ್ನೂ ತಂಗಿ ಹೂವನ್ನೂ ಅಕ್ಕಪಕ್ಕದ ಪಾತಿಯಲ್ಲಿ ಬೆಳೆಸಿ ನೋಡಬೇಕೆಂದಿದ್ದಾರೆ. ಹೂವಿಗೆ ಯಾರ ಹೆಸರಿದೆಯೋ ಅವರೇ ಬಂದು ಒಂದು ವರ್ಷ ಇದ್ದು ಈ ಕೆಲಸ ಮಾಡಿಕೊಟ್ಟರೆ ಬಹಳ ಸಂತೋಷ. ಇರಲು ತೋಟಕ್ಕೆ ತೆರೆದುಕೊಳ್ಳುವ ಕೋಣೆಯಿದೆ. ಅದಕ್ಕೂ ಮೊದಲು, ತಿಂಗಳ ಕೊನೆಯೊಳಗೆ, ಎರಡೂ ಹೂವುಗಳನ್ನು ಹಸಿಯಾಗಿಯೇ ಹೋಲಿಸಿ ಒಂದು ಟಿಪ್ಪಣಿ ಬರೆದು ಕಳಿಸಬೇಕು.

ತೋಟಕ್ಕೆ ತೆರೆದುಕೊಳ್ಳುವ ಕೋಣೆ. ಗೋಂದಕ್ಕ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಸುಮಾರು ಹೊತ್ತು ಕೂತಳು. ತನಗೆ ಇಲ್ಲಿಂದ ಹೋಗಬೇಕೆಂಬ ಆಸೆ ಇಷ್ಟೊಂದು ಇತ್ತೆಂದು ಅವಳಿಗೇ ಗೊತ್ತಿರಲಿಲ್ಲ. ಅದೂ ಐವತ್ತರ ಮೇಲೆ ಎರಡಾದ ಹೆಂಗಸಿಗೆ.

ಸಂಜೆ ಪತ್ರ ತೋರಿಸಿದಾಗ ದೊಡ್ಡವರು ಓದಿ, ಮಡಿಸಿ, ದಿಂಬಿನ ಕೆಳಗೆ ಇಟ್ಟುಕೊಂಡರು.

"ನಾನು ಉತ್ತರ ಬರೀತೀನಿ," ಅಂದರು.

"ಪತ್ರ ನನಗೆ ಬಂದಿದೆ."

"ಅದಕ್ಕೇ ಹೇಳ್ತಿರೋದು. ತೋಟದಲ್ಲಿ ಒಂದು ವರ್ಷ ಇರ್ತೀಯಾ ನೀನು? ನಿನ್ನ ಉಸಿರಿನ ಗತಿ ಏನು?"

ನಾದಿನಿ ಅಣ್ಣನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದವಳು ತಲೆಯೆತ್ತಿದಳು. "ಹೋಗಿ ಬರ್ಲಿ ಬಿಡು ಅಣ್ಣ. ಅತ್ತಿಗೆ ಈ ಮನೆ ಬಿಟ್ಟು ಹೋಗಿರೋದು ಅಂದ್ರೆ ಹಲ್ಲು ಕೀಳ್ಸೋಕೆ ಮಾತ್ರ. ಅದೂ ಎರಡು ಸಲ."

"ಮುಂದಿನ ವರ್ಷ ನೋಡೋಣ," ಅಂದರು ದೊಡ್ಡವರು. ಅವರ ಮುಂದಿನ ವರ್ಷ ಎಂದರೆ ಏನೆಂದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಮಾರನೇ ಬೆಳಿಗ್ಗೆ ಗೋಂದಕ್ಕ ಹದಿನಾಲ್ಕು ಮೆಟ್ಟಿಲಿಳಿದು ಕೆಲಸದ ಕೋಣೆಗೆ ಹೋಗಲಿಲ್ಲ. ನೇರ ಹಿತ್ತಲಿಗೆ ನಡೆದು, ಪಂಪು ಓಡಿಸಲು ಗುಡ್ಡದ ಗೇಟಿನ ಇನ್ನೊಂದು ಕೀಲಿ ಇಟ್ಟುಕೊಂಡಿದ್ದ ಮಾಲಿಯ ಎದುರು ನಿಂತಳು.

"ಗೇಟು ತೆಗೀತೀರಾ?"

ಮಾಲಿ ಅವಳ ಚಪ್ಪಲಿ ನೋಡಿದ, ಮುಖ ನೋಡಿದ. "ದೊಡ್ಡವರಿಗೆ ಹೇಳ್ಬೇಕಾ?"

"ಹೇಳಿ. ನಾನು ವಾಪಸ್ ಬಂದ ಮೇಲೆ."

ಮಾಲಿ ನಕ್ಕು ಗೇಟು ತೆಗೆದ. ದಾರಿಯಲ್ಲಿ ಅವಳು ನಾಲ್ಕು ಕಡೆ ನಿಂತಳು, ಉಬ್ಬಸ ಬರಲಿ ಎಂದು ಕಾದಳು. ಬರಲಿಲ್ಲ. ಬಂಡೆ ಸಿಕ್ಕಿತು, ಅದೇ ಹಳೆಯ ಬಂಡೆ, ಅದರ ಮೇಲೆ ಕೂರದೆ ಮುಂದೆ ಹೋದಳು. ನೆತ್ತಿಯ ಹತ್ತಿರ ಹುಲ್ಲಿನ ನಡುವೆ ತಂಗಿ ಹೂವು ಗುಂಪುಗುಂಪಾಗಿ ಅರಳಿತ್ತು. ಹಾಳೆಯ ಮೇಲೆ ಬೂದಿಯಾಗಿದ್ದನ್ನೇ ನೋಡಿದ್ದವಳಿಗೆ ಅದರ ನೇರಳೆ ಹೊಸದಾಗಿತ್ತು. ನನ್ನ ಹೂವು ಎಂದು ಮೆಲ್ಲಗೆ ಅಂದುಕೊಂಡಳು. ಇಪ್ಪತ್ತಾರು ವರ್ಷದಿಂದ ಬೇರೆಯವರು ಹೇಳುತ್ತಿದ್ದ ಮಾತನ್ನು ಅವತ್ತು ತಾನೇ ಹೇಳಿಕೊಂಡಳು, ಹೇಳಿಕೊಂಡು ಒಂದು ಕೊಂಬೆ ಮುರಿದಳು.

ಬೆರಳು ಜಿಗುಟಾಯಿತು.

ಅವಳು ಹೆಬ್ಬೆರಳಿಗೆ ತೋರುಬೆರಳು ಒತ್ತಿ ಬಿಡಿಸಿದಳು. ಮತ್ತೆ ಒತ್ತಿದಳು. ಇನ್ನೊಂದು ಗಿಡ ಮುಟ್ಟಿದಳು, ಮತ್ತೊಂದನ್ನು ಮುಟ್ಟಿದಳು, ಆ ಇಳಿಜಾರಿನಲ್ಲಿದ್ದ ಗಿಡಗಳನ್ನೆಲ್ಲ ಒಂದೊಂದಾಗಿ ಮುಟ್ಟುತ್ತ ಹೋದಳು. ಅಂಟು ಇರದ ಒಂದೇ ಒಂದು ಗಿಡ ಸಿಕ್ಕಲಿ ಎಂದು ಹುಡುಕಿದಳು. ಸಿಕ್ಕಲಿಲ್ಲ. ಹಿಡಿಯಷ್ಟು ಕೊಂಬೆ ಕಿತ್ತುಕೊಂಡು ಇಳಿದು ಬಂದಳು, ಬೀದಿಯ ಚರಂಡಿಯಿಂದ ಅಷ್ಟೇ ಅಕ್ಕ ಹೂವನ್ನೂ ತಂದಳು, ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಳು.

ಇಡೀ ದಿನ ಹೋಲಿಸಿದಳು. ಎಸಳು ಎಣಿಸಿದಳು, ಎಲೆ ಕಾಂಡವನ್ನು ತಬ್ಬುವ ರೀತಿ ನೋಡಿದಳು, ಹೂವಿನ ಬುಡದ ಹಸಿರು ಪಕಳೆಗಳ ತುದಿ ಹೊರಗೆ ಬಾಗಿದೆಯೋ ಇಲ್ಲವೋ ನೋಡಿದಳು, ಬೀಜ ತೆಗೆದು ಅದರ ಕುಚ್ಚಿನ ಉದ್ದ ಅಳೆದಳು. ಮಸೂರದ ಅಡಿಯಲ್ಲಿ ಎರಡರ ರೋಮಗಳೂ ತುದಿಗೆ ಗುಂಡು ಹೊತ್ತು ನಿಂತಿದ್ದವು. ಕಣ್ಣು ಮುಚ್ಚಿ ಎರಡು ಕೊಂಬೆಗಳನ್ನು ಅದಲು ಬದಲು ಮಾಡಿ ಇಟ್ಟಳು, ಯಾವುದು ಯಾವುದೆಂದು ಹೇಳಲು ಅವಳಿಂದಲೇ ಆಗಲಿಲ್ಲ. ಆ ಮನೆಯಲ್ಲಿ ಅವಳಿಗಿಂತ ಚೆನ್ನಾಗಿ ಹೇಳುವವರು ಇನ್ನೊಬ್ಬರಿರಲಿಲ್ಲ.

ಹಾಗಾದರೆ ಹಾಳೆಯ ಮೇಲಿನ ಹೂವಿಗೆ ಏನಾಗಿತ್ತು? ಅವಳ ಕಣ್ಣು ತಾನಾಗಿ ಮೂಲೆಯ ಸ್ಪಿರಿಟ್ಟಿನ ತೊಟ್ಟಿಯ ಕಡೆ ತಿರುಗಿತು.

ಒಣಗಿಡಗಳನ್ನು ಹುಳು ತಿನ್ನದಿರಲೆಂದು, ಒಣಗಿಸುವ ಮೊದಲು ಔಷಧಿ ಬೆರೆಸಿದ ಸ್ಪಿರಿಟ್ಟಿನಲ್ಲಿ ಹತ್ತು ನಿಮಿಷ ಅದ್ದಿ ತೆಗೆಯುವುದು ಅಲ್ಲಿನ ಕ್ರಮ. ಹತ್ತೇ ನಿಮಿಷ. ಇಪ್ಪತ್ತಾರು ವರ್ಷದ ಹಿಂದೆ ಗುಡ್ಡದ ಮೊದಲ ಕಟ್ಟು ಬಂದ ಸಂಜೆ, ಅವಳು ಅದನ್ನು ಬಿಚ್ಚಿಯೂ ನೋಡದೆ ತೊಟ್ಟಿಗೆ ಇಳಿಬಿಟ್ಟು ಗಡಿಯಾರ ನೋಡುತ್ತಿದ್ದಾಗ, ಕಟ್ಟು ತಂದ ದೊಡ್ಡವರೇ ಬಾಗಿಲಲ್ಲಿ ನಿಂತು, "ಸ್ವಲ್ಪ ದೂರ ನಡೆದು ಬರೋಣ್ವಾ?" ಎಂದಿದ್ದರು. ಅದಕ್ಕೂ ಮೊದಲು ಅವರು ಅವಳ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಆಡಿರಲಿಲ್ಲ. ಅವಳು ಏಪ್ರನ್ ಬಿಚ್ಚಿ ಎಸೆದು ಹೊರಟಿದ್ದಳು. ತೊಟ್ಟಿ ನೆನಪಾದದ್ದು ಬೆಳಿಗ್ಗೆ. ಕೊಂಬೆಗಳು ರಾತ್ರಿಯಿಡೀ ನೆನೆದಿದ್ದವು, ಎಸಳಿನ ಬಣ್ಣವೆಲ್ಲ ಸ್ಪಿರಿಟ್ಟಿಗೆ ಇಳಿದುಹೋಗಿತ್ತು. ಹೊಸ ಕೆಲಸ, ಬೈಸಿಕೊಳ್ಳುವ ಭಯ. ಯಾರಿಗೂ ಹೇಳದೆ ಒತ್ತಿ ಒಣಗಿಸಿಬಿಟ್ಟಳು. ಬಣ್ಣ ಹೋದರೇನು, ಗಿಡ ಹೋಗುತ್ತದೆಯೇ ಎಂದುಕೊಂಡಿದ್ದಳು. ಆಮೇಲೆ ಹೊಸ ಜಾತಿಯ ಗದ್ದಲ, ಹೆಸರು, ಮದುವೆ. ಆ ಸಂಜೆಯ ನಡಿಗೆ ಅವಳಿಗೆ ನೆನಪಿತ್ತು. ತೊಟ್ಟಿ ಮರೆತೇ ಹೋಗಿತ್ತು.

ಆದರೂ ಅವಳು ಊಹೆ ಮಾಡಿ ತೀರ್ಪು ಕೊಡುವವಳಲ್ಲ. ಒಂದು ಕೊಂಬೆಯನ್ನು ಹತ್ತು ನಿಮಿಷ ಅದ್ದಿ ತೆಗೆದಳು, ಇನ್ನೊಂದನ್ನು ತೊಟ್ಟಿಯಲ್ಲೇ ಬಿಟ್ಟು ಮೇಲೆ ಹೋದಳು. ಬೆಳಿಗ್ಗೆ ಬಂದು ಮಸೂರ ಹಿಡಿದಳು. ಹತ್ತು ನಿಮಿಷದ್ದರ ಗುಂಡುಗಳು ಹಾಗೇ ಇದ್ದವು, ಎಸಳು ನೇರಳೆಯಾಗಿತ್ತು. ರಾತ್ರಿ ನೆನೆದದ್ದರಲ್ಲಿ ಗುಂಡುಗಳೆಲ್ಲ ಕರಗಿ ಬೋಳು ರೋಮ ಉಳಿದಿತ್ತು, ಎಸಳಿನ ಬಣ್ಣ ಪೂರ್ತಿ ಬಿಟ್ಟಿತ್ತು. ತಂಗಿ ಹೂವು ಅವಳ ಮೇಜಿನ ಮೇಲೆ ಒಂದೇ ರಾತ್ರಿಯಲ್ಲಿ ತಯಾರಾಗಿತ್ತು.

ಅಂದರೆ ತಂಗಿ ಎಂಬುವಳು ಇರಲೇ ಇಲ್ಲ. ಇದ್ದದ್ದು ಒಬ್ಬಳೇ ಅಕ್ಕ, ಮತ್ತು ಮದುವೆಯಾಗಬೇಕಿದ್ದ ಒಬ್ಬ ಹುಡುಗಿಯ ಮರೆವು.

ಗೋಂದಕ್ಕನಿಗೆ ಮೊದಲು ನಗು ಬಂತು. ಆಮೇಲೆ ಪತ್ರ ನೆನಪಾಯಿತು. ನಿಜ ಬರೆದರೆ ಆ ಉದ್ಯಾನದವರಿಗೆ ಅವಳಿಂದ ಆಗಬೇಕಾದ್ದು ಏನೂ ಇಲ್ಲ, ಒಂದೇ ಹೂವನ್ನು ಎರಡು ಪಾತಿಯಲ್ಲಿ ಬೆಳೆಸಲು ಯಾರನ್ನು ಕರೆಸುತ್ತಾರೆ? ಸುಳ್ಳು ಬರೆದು ಹೋದರೆ ಮೊದಲ ಹೂವು ಅರಳಿದ ದಿನವೇ ಅವರ ಬೆರಳೂ ಜಿಗುಟಾಗುತ್ತದೆ. ಬರೆಯದೆ ಸುಮ್ಮನಿದ್ದರೆ ಈ ಮೆಟ್ಟಿಲು, ಈ ಮಸುಕು ಗಾಜು. ಯಾವ ಕಡೆ ಹೆಜ್ಜೆ ಇಟ್ಟರೂ ಅದೇ ಕೋಣೆಗೆ ಬಂದು ನಿಲ್ಲುತ್ತಿದ್ದಳು. ಅವಳು ಕುರ್ಚಿಯಲ್ಲಿ ಕೂತು, ಮುಖ ಮುಚ್ಚಿಕೊಂಡು, ಬಹಳ ದಿನಗಳ ಮೇಲೆ ಅತ್ತಳು.

ಅತ್ತು ಮುಗಿದ ಮೇಲೆ, ಮಧ್ಯಾಹ್ನದ ಊಟಕ್ಕೂ ಮೇಲೆ ಹೋಗದೆ, ಕಪಾಟಿನಿಂದ ತಂಗಿ ಹೂವಿನ ಹಾಳೆಗಳನ್ನೆಲ್ಲ ತೆಗೆದು ಮೇಜಿನ ಮೇಲೆ ಹರಡಿದಳು. ಏಕೆ ತೆಗೆದಳೋ, ಕೊನೆಯ ಸಲ ನೋಡಿಬಿಡೋಣವೆಂದೋ ಏನೋ. ವರ್ಷಕ್ಕೊಂದರಂತೆ ಇಪ್ಪತ್ತಾರು ಹಾಳೆ. ಮೊದಲನೆಯದು ಬೂದಿ ಬಣ್ಣ, ಬೋಳು ರೋಮ. ಅದು ಅವಳ ತಪ್ಪು, ಸರಿ. ಎರಡನೆಯದೂ ಬೂದಿ ಬಣ್ಣ. ಮೂರನೆಯದೂ ಅಷ್ಟೇ. ಹತ್ತನೆಯದು, ಹದಿನೇಳನೆಯದು, ಕಳೆದ ವರ್ಷದ್ದು.

ಅವಳ ಕೈ ಅಲ್ಲೇ ನಿಂತಿತು. ಹತ್ತು ನಿಮಿಷ ಅದ್ದಿದರೆ ಗುಂಡು ಕರಗುವುದಿಲ್ಲ, ಬಣ್ಣ ಬಿಡುವುದಿಲ್ಲ. ಈಗ ತಾನೇ ನೋಡಿದ್ದಾಳೆ. ಹಾಗಾದರೆ ಈ ಇಪ್ಪತ್ತೈದು ಕೊಂಬೆಗಳನ್ನು ಯಾರೋ ಪ್ರತಿ ವರ್ಷ, ಬೇಕೆಂದೇ, ರಾತ್ರಿಯಿಡೀ ನೆನೆಸಿದ್ದಾರೆ.

ಇದು ನಿನ್ನ ಹೂವು, ಇದಕ್ಕೆ ನೀನು ದುಡೀಬಾರದು.

ಬಂಡೆಯ ಮೇಲೆ ಕೂತು ಉಸಿರಿಗೆ ಒದ್ದಾಡುತ್ತಿದ್ದ ದಿನ, ಗುಡ್ಡದ ಮೇಲಿಂದ ಬಾಯಿ ಕಟ್ಟಿಹೋದವರ ಹಾಗೆ ಇಳಿದು ಬಂದ ಗಂಡನ ಮುಖ ಅವಳ ಕಣ್ಣಿಗೆ ಕಟ್ಟಿತು. ಅವರ ಬೆರಳು ಅವತ್ತೇ ಜಿಗುಟಾಗಿತ್ತು. ಗೇಟಿನ ಕೀಲಿ ಜೇಬಿಗೆ ಹೋದದ್ದು, ಗುಡ್ಡದ ಮಾತು ಬೇಡವೆಂದದ್ದು, ಟಪಾಲನ್ನೆಲ್ಲ ತಾವೇ ಒಡೆಯುತ್ತಿದ್ದದ್ದು ಎಲ್ಲ ಅದರ ಹಿಂದೆಯೇ ಬಂದು ಸಾಲಾಗಿ ನಿಂತವು. ಇಷ್ಟು ವರ್ಷ ಯಾವುದನ್ನು ಅಕ್ಕರೆ ಎಂದು ಎದೆಗೆ ಒತ್ತಿಕೊಂಡಿದ್ದಳೋ ಅದಕ್ಕೆಲ್ಲ ಬೀಗದ ಕೆಲಸ ಇತ್ತು. ಅವಳಿಗೆ ಸಿಟ್ಟು ಬಂತು, ಕಿವಿ ಬಿಸಿಯಾಗುವಷ್ಟು ಸಿಟ್ಟು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಸದ್ದಾಯಿತು. ದೊಡ್ಡವರು ಒಂದು ಕೈಯಲ್ಲಿ ಕೋಲು, ಇನ್ನೊಂದರಲ್ಲಿ ತಂಗಿಯ ಭುಜ ಹಿಡಿದು ಇಳಿಯುತ್ತಿದ್ದರು.

"ಬೇಡ ಅಂದ್ರೂ ಕೇಳಲ್ಲ," ಎಂದಳು ನಾದಿನಿ. "ಮಾಲಿ ಬಂದು ಗೇಟಿನ ವಿಷಯ ಹೇಳಿದ್ದೇ ತಡ, ಮೊಣಕಾಲು ವಾಸಿ ಆಗಿಬಿಡ್ತು. ಮೊದಲೇ ಹೇಳಿಸಿದ್ರೆ ಔಷಧಿ ಉಳೀತಿತ್ತು." ಅಣ್ಣನನ್ನು ಕುರ್ಚಿಯಲ್ಲಿ ಕೂರಿಸಿ, ಇಬ್ಬರ ಮುಖ ನೋಡಿ, ಚಹಾ ಮಾಡುವ ನೆಪ ಹೇಳಿ ಮೇಲೆ ಹೋದಳು.

ದೊಡ್ಡವರು ಮೇಜಿನ ಮೇಲಿನ ಹಾಳೆಗಳನ್ನು ನೋಡಿದರು. ಪಕ್ಕದಲ್ಲಿ ಬಾಡುತ್ತಿದ್ದ ಹಸಿ ಕೊಂಬೆಗಳನ್ನೂ ನೋಡಿದರು.

"ಗುಡ್ಡಕ್ಕೆ ಹೋಗಿದ್ಯಂತೆ. ಉಸಿರು ಹೇಗಿದೆ?"

"ಚೆನ್ನಾಗೇ ಇದೆ," ಅಂದಳು ಗೋಂದಕ್ಕ. "ವರ್ಷವರ್ಷ ಎಷ್ಟು ಹೊತ್ತು ನೆನೆಸ್ತಿದ್ರಿ?"

ಅವರು ಕೋಲನ್ನು ಮೇಜಿಗೆ ಒರಗಿಸಿದರು. ಅದು ಜಾರಿತು, ಮತ್ತೆ ಒರಗಿಸಿದರು. "ಒಂದು ರಾತ್ರಿ," ಅಂದರು.

ಅವಳು ಕಳೆದ ವರ್ಷದ ಹಾಳೆಯನ್ನು ಅವರ ಕಡೆ ತಿರುಗಿಸಿದಳು.

"ಎರಡನೇ ವರ್ಷವೇ ಗೊತ್ತಾಯ್ತು. ಅಷ್ಟರಲ್ಲಿ ಹೊಸ ಜಾತಿ ಅಂತ ಅಚ್ಚಾಗಿಹೋಗಿತ್ತು. ನಿನ್ನ ಹೆಸರು ಇಟ್ಟಾಗಿತ್ತು. ಮದುವೆಯಾಗಿ ವರ್ಷ ತುಂಬಿಲ್ಲ, ನಿನ್ನ ಹೂವು ಇಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

"ಹೆಸರು ನಂದು. ಸಹಿ ನಿಮ್ದು."

"ಮೊದಲ ಸಲ ನೆನೆಯೋಕೆ ಬಿಟ್ಟಿದ್ದು ನೀನಲ್ವಾ?" ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬಹಳ ವರ್ಷದಿಂದ ಮಡಿಸಿಟ್ಟುಕೊಂಡಿದ್ದ ಮಾತಿನ ಹಾಗಿತ್ತು. "ನಾನು ಅದನ್ನ ಯಾವತ್ತಾದ್ರೂ ಎತ್ತಿ ಆಡಿದ್ನಾ?"

"ಹೌದು, ನಾನೇ ಬಿಟ್ಟಿದ್ದು. ನಾನು ಒಂದು ಸಲ ಮರೆತೆ. ನೀವು ಇಪ್ಪತ್ತೈದು ಸಲ ನೆನಪಿಟ್ಕೊಂಡು ಮಾಡಿದ್ರಿ."

ದೊಡ್ಡವರು ಮೊಣಕಾಲು ನೀವಿಕೊಂಡರು. ಕಷ್ಟದ ಗಿಡದ ಬಗ್ಗೆ ಅವಳ ಅಭಿಪ್ರಾಯ ಕೇಳುವಾಗಿನ ಮೆತ್ತನೆ ದನಿಯಲ್ಲಿ ಹೇಳಿದರು. "ನೋಡು, ನಿನಗೂ ಅರ್ಥ ಆಗಿರುತ್ತೆ. ಪತ್ರ ಬಂದಿರೋದು ಆ ಹೂವಿಗೋಸ್ಕರ. ಹೂವಿಲ್ಲ ಅಂದ್ರೆ ಕರೆಯೂ ಇಲ್ಲ. ನಿನ್ನ ಹೆಸರೂ ಹೋಗುತ್ತೆ, ನನ್ನ ಹೆಸರೂ ಹೋಗುತ್ತೆ. ಯಾರಿಗೆ ಏನು ಸಿಕ್ತು? ಆರೋಗ್ಯ ಸರಿ ಇಲ್ಲ ಅಂತ ನಾನೇ ಬರೆದುಬಿಡ್ತೀನಿ. ಈ ಹಾಳೆಗಳನ್ನ ಒಳಗಿಡು. ಎಲ್ಲ ಮೊದಲಿನ ಹಾಗೇ ಇರುತ್ತೆ."

ಎಲ್ಲ ಮೊದಲಿನ ಹಾಗೇ. ಇವರು ಬೆದರಿಕೆ ಹಾಕಿದ್ದರೆ ಗೋಂದಕ್ಕ ಹೆದರಿ ಹಾಳೆ ಒಳಗಿಡುತ್ತಿದ್ದಳೋ ಏನೋ. ಇವರು ಆಸೆ ತೋರಿಸುತ್ತಿದ್ದರು, ಆ ಆಸೆಯ ಹೆಸರು ಮೊದಲಿನ ಹಾಗೆ ಎಂದಿತ್ತು.

ಅವಳು ಡ್ರಾಯರು ಎಳೆದು ಒಂದು ಖಾಲಿ ಚೀಟಿ ತೆಗೆದಳು. ಮೊದಲನೇ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಚೀಟಿಯ ಮೇಲೆ ಊರೆಲ್ಲ ಬೆಳೆಯುವ ಅಕ್ಕ ಹೂವಿನ ಹೆಸರು ಬರೆದಳು. ಅದರ ಕೆಳಗೆ, ರಾತ್ರಿಯಿಡೀ ಸ್ಪಿರಿಟ್ಟಿನಲ್ಲಿ ನೆನೆದದ್ದರಿಂದ ರೋಮದ ಅಂಟು ಕರಗಿದೆ, ಎಸಳಿನ ಬಣ್ಣ ಹೋಗಿದೆ, ನೆನೆಸಿದವಳು ನಾನು ಎಂದು ಬರೆದಳು. ದಿನಾಂಕ ಹಾಕಿದಳು. ಸಹಿಯ ಜಾಗಕ್ಕೆ ಬಂದಾಗ ಪೆನ್ನು ಒಂದು ಕ್ಷಣ ನಿಂತಿತು. ಆ ಹೆಸರನ್ನು ಹೂವಿನ ಹೆಸರೆಂದು ಎಷ್ಟೋ ಸಲ ಗಂಡನ ಚೀಟಿಗಳ ಮೇಲೆ ಓದಿದ್ದಳು, ತನ್ನದೆಂದು ಯಾವತ್ತೂ ಬರೆದಿರಲಿಲ್ಲ. ಬರೆದಳು. ಆ ಕಟ್ಟಡದಲ್ಲಿ ಅವಳ ಮೊದಲನೇ ಸಹಿ ಅವಳ ಹೆಸರಿನ ಹೂವನ್ನು ಇಲ್ಲವೆಂದು ಹೇಳುವ ಚೀಟಿಯ ಮೇಲೆ ಬಿತ್ತು.

ಚೀಟಿಯ ಹಿಂದೆ ಗೋಂದು ಸವರಿ, ಗಂಡನ ಹಳೆಯ ಚೀಟಿಯ ಮೇಲ್ಗಡೆ ಸರಿಯಾಗಿ ಕೂರಿಸಿ, ಮೇಲೆ ಕಬ್ಬಿಣದ ತೂಕ ಇಟ್ಟಳು. ತೂಕದ ಮೇಲೆ ತನ್ನ ಬಲಗೈ ಇಟ್ಟಳು.

ಅವಳು ಕಲಸುವ ಗೋಂದು ಹಿಡಿಯಲು ಪೂರಾ ಎರಡು ಗಂಟೆ ಬೇಕು. ಅದು ಇಬ್ಬರಿಗೂ ಗೊತ್ತಿತ್ತು. ಹಿಡಿದ ಮೇಲೆ ಕೀಳುವಂತಿಲ್ಲ, ಕಿತ್ತರೆ ಹಾಳೆಯೇ ಹರಿಯುತ್ತದೆ, ಹಾಳೆ ಹರಿದ ಮನುಷ್ಯ ಆ ವೃತ್ತಿಯಲ್ಲಿ ತಲೆಯೆತ್ತಿ ತಿರುಗುವುದಿಲ್ಲ. ಹಿಡಿಯುವ ಮೊದಲಾದರೆ ಉಗುರಿಂದ ಎತ್ತಿದರೆ ಸಾಕು.

"ಇನ್ನೂ ಹಸಿ ಇದೆ," ಅಂದರು ದೊಡ್ಡವರು. "ಎತ್ತಿದ್ರೆ ಬರುತ್ತೆ."

"ಬರುತ್ತೆ," ಅಂದಳು ಅವಳು. ಕೈ ತೆಗೆಯಲಿಲ್ಲ.

ಅವರೂ ಏಳಲಿಲ್ಲ. ಹೀಗೆ ಗಂಡ ಹೆಂಡತಿ ಒಂದು ಮೇಜಿನ ಎರಡು ಕಡೆ ಒಂದು ಚೀಟಿಯನ್ನು ಕಾಯುತ್ತ ಕೂತರು. ಮಧ್ಯದಲ್ಲೊಮ್ಮೆ ನಾದಿನಿ ಚಹಾ ತಂದಿಟ್ಟು, "ಏನು ಇಬ್ರೂ ಮೊಟ್ಟೆ ಕಾವಿಗೆ ಇಟ್ಟಿದ್ದೀರಾ?" ಎಂದು ಕೇಳಿ, ಯಾರೂ ನಗದಿದ್ದಾಗ ಕಪ್ಪುಗಳನ್ನು ನೇರ ಮಾಡಿ ಹೊರಟುಹೋದಳು. ಗೋಂದಕ್ಕ ಎಡಗೈಯಲ್ಲಿ ಚಹಾ ಕುಡಿದಳು. ದೊಡ್ಡವರದು ಆರಿಹೋಯಿತು. ಹೊರಗೆ ಬಿಸಿಲು ಎಷ್ಟು ಇಳಿಯಿತೆಂದು ಮಸುಕು ಗಾಜಿನಿಂದ ತಿಳಿಯುವಂತಿರಲಿಲ್ಲ.

"ನಿನಗೆ ಅಲ್ಲಿಗೆ ಹೋಗ್ಬೇಕು ಅಂತ ಅಷ್ಟ್ ಆಸೆ ಇತ್ತಾ?" ಅವರು ಒಮ್ಮೆ ಕೇಳಿದರು.

"ಇತ್ತು."

"ಹೇಳ್ಬಹುದಿತ್ತು."

"ಪತ್ರ ನಿಮ್ಮ ದಿಂಬಿನ ಕೆಳಗಿದೆ," ಅಂದಳು.

ಗೋಡೆಯ ಗಡಿಯಾರದಲ್ಲಿ ನಾಲ್ಕಾಯಿತು. ಗೋಂದಕ್ಕ ತೂಕ ಎತ್ತಿ ಚೀಟಿಯ ಮೂಲೆಗೆ ಉಗುರು ಕೊಟ್ಟು ನೋಡಿದಳು. ಅಲುಗಲಿಲ್ಲ. ಉದ್ಯಾನದವರಿಗೆ ಸಂಜೆಯೇ ನಾಲ್ಕು ಸಾಲು ಬರೆಯಬೇಕು, ಅವರು ಮತ್ತೆ ಕರೆಯುವುದಿಲ್ಲ, ತೋಟಕ್ಕೆ ತೆರೆದುಕೊಳ್ಳುವ ಆ ಕೋಣೆಯಲ್ಲಿ ಬೇರೆ ಯಾರೋ ಇರುತ್ತಾರೆ. ಅದು ಅವಳಿಗೆ ನೋವಾಯಿತು, ಆ ನೋವನ್ನು ಅವಳು ಒಳಗೊಳಗೇ ನುಂಗಲೂ ಇಲ್ಲ, ಮೇಜಿನ ಮೇಲೆ ಅಂಗೈ ಊರಿ ಒಂದು ಸಲ ಗಟ್ಟಿಯಾಗಿ ಉಸಿರುಬಿಟ್ಟಳು.

ಆಮೇಲೆ ಎರಡನೇ ವರ್ಷದ ಹಾಳೆಯನ್ನು ಎಳೆದು ಗಂಡನ ಮುಂದಿಟ್ಟಳು. ಅದರ ಪಕ್ಕ ಒಂದು ಖಾಲಿ ಚೀಟಿ, ಚೀಟಿಯ ಮೇಲೆ ಪೆನ್ನು.

"ಇದನ್ನ ನೆನೆಸಿದ್ದು ನಾನಲ್ಲ," ಅಂದಳು.

ದೊಡ್ಡವರು ಪೆನ್ನನ್ನು ನೋಡಿದರು. ಹಾಳೆ ನೋಡಿದರು. "ಕನ್ನಡಕ ಮೇಲೇ ಬಿಟ್ಟು ಬಂದಿದ್ದೀನಿ."

"ನಾನು ತರ್ತೀನಿ."

ಅವಳು ಎದ್ದಳು. ಬಾಗಿಲ ತನಕ ಹೋಗಿ, ತಿರುಗಿ ಬಂದು, ಹರಡಿದ್ದ ಇಪ್ಪತ್ತಾರು ಹಾಳೆಗಳನ್ನೂ ಜೋಡಿಸಿ ಎದೆಗವಚಿಕೊಂಡು ಮೆಟ್ಟಿಲು ಹತ್ತಿದಳು. ದಿಂಬಿನ ಪಕ್ಕದಲ್ಲಿದ್ದ ಕನ್ನಡಕ ತೆಗೆದುಕೊಂಡಳು, ದಿಂಬಿನ ಕೆಳಗಿನ ಪತ್ರವನ್ನೂ ತೆಗೆದುಕೊಂಡಳು. ಮತ್ತೆ ಹದಿನಾಲ್ಕು ಮೆಟ್ಟಿಲು ಇಳಿದು ಬಂದು, ಎರಡನೇ ಹಾಳೆಯನ್ನು ಅವರ ಮುಂದಿಟ್ಟು, ಕನ್ನಡಕದ ಕಡ್ಡಿ ಬಿಡಿಸಿ ಅದರ ಮೇಲಿಟ್ಟು, ಗೋಂದಿನ ಡಬ್ಬಿಯ ಮುಚ್ಚಳ ತೆಗೆದಳು.

"ಬರೀರಿ," ಅಂದಳು. "ನಾನು ಅಂಟಿಸ್ತೀನಿ."